ಅವ್ವನೂ ನಾನೂ ಬಾಣಂತಿಯರಾಗಿದ್ದ ಬೇಸಿಗೆ

ನನ್ನ ಚೊಚ್ಚಲ ಹೆರಿಗೆಗೆ ಅಪ್ಪ ಬಂದು ತವರಿಗೆ ಕರೆದೊಯ್ದಾಗ ಅವ್ವನೂ ತುಂಬಿದ ಬಸುರಿ. ಆ ಕಾಲದಲ್ಲಿ ಅದೇನು ಅಪರೂಪವಲ್ಲ. ಮೈನೆರೆದ ವರ್ಷವೇ ಗಂಡನ ಮನೆ ಸೇರಿದ ಹೆಣ್ಣಿಗೆ, ಮಗಳ ಬಾಣಂತನ ಮಾಡುವ ಹೊತ್ತು ಬಂದರೂ ತನ್ನ ಹೆರಿಗೆಗಳು ಮುಗಿದಿರುತ್ತಿರಲಿಲ್ಲ. ಹಾಗಿದ್ದರೂ ನನಗೆ ನಾಚಿಕೆ. ಆದವಾನಿಯ ಪೇಟೆಯಲ್ಲಿ ನನ್ನ ಗಂಡನ ಮನೆಯವರದು ಹತ್ತಿ ವ್ಯಾಪಾರ. ತುಂಬಿದ ಮನೆ, ಮಾತಿಗೆ ಬಿಡುವಿದ್ದ ಹೆಂಗಸರು. ಅವ್ವನ ಸುದ್ದಿ ನನಗಿಂತ ಮೊದಲೇ ಅವರಿಗೆ ತಲುಪಿತ್ತು. ಬಸುರಿಗೆ ಉಡಿ ತುಂಬುವ ಕುಬಸದ ದಿನ ನನಗೆ ಹಸಿರು ಸೀರೆ ಉಡಿಸಿ ಕೂರಿಸಿದಾಗ ನಾದಿನಿಯೊಬ್ಬಳು, "ವೈನಿ, ನಿಮ್ಮ ಮನ್ಯಾಗ ತೊಟ್ಟಿಲಾ ಒಂದ ಸಾಲೂದಿಲ್ಲ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೊಳಗೇ ಅವ್ವನ ಮೇಲೆ ಸಿಟ್ಟು ಬಂತು.

ಗೋನೆಗಂಡ್ಲದಿಂದ ತವರೂರಿಗೆ ಬಂಡಿಯ ದಾರಿ. ಅಪ್ಪನಿಗೆ ಎರೆಹೊಲ ಇತ್ತು; ಹತ್ತಿ, ಜೋಳ ಬೆಳೆಯುತ್ತಿದ್ದ. ನಾನು ಬಂಡಿಯಿಂದ ಇಳಿಯುವಾಗ ಅವ್ವ ಬಾಗಿಲಲ್ಲಿ ತಂಬಿಗೆ ನೀರು ಹಿಡಿದು ನಿಂತಿದ್ದಳು. ಸೆರಗನ್ನು ಎರಡು ಸುತ್ತು ತಂದು ಹೊಟ್ಟೆಯ ಮೇಲೆ ಹೊದ್ದುಕೊಂಡಿದ್ದಳು. ಮಗಳ ಮುಂದೆ ಹೊಟ್ಟೆ ಮುಚ್ಚಿಕೊಳ್ಳುವುದು ಅವಳಿಗೂ ಒಗ್ಗದ ಕೆಲಸ. ಕಾಲಿಗೆ ನೀರು ಹಾಕಲು ಬಗ್ಗಿದಾಗ ಸೆರಗು ಜಾರಿತು. ನಾನು ಬೇರೆ ಕಡೆ ನೋಡಿದೆ. ಮೊದಲ ಕೆಲವು ದಿನ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದೆ. ಅವ್ವನಿಗೆ ಕಾರಣ ತಿಳಿದಿತ್ತು, ತಿಳಿದದ್ದನ್ನು ತೋರಿಸಿಕೊಳ್ಳಲಿಲ್ಲ. ರೊಟ್ಟಿ ಬಡಿಯುತ್ತಾ ಒಂದು ದಿನ ತಾನಾಗಿಯೇ ಹೇಳಿದಳು:

"ನನ್ನದು ಮೊದಲ ಆಕ್ಕತಿ, ನಿನ್ನದು ತಿಂಗಳ ಮ್ಯಾಲ. ನೀ ಹಡಿಯೂ ಹೊತ್ತಿಗೆ ನಾ ಎದ್ದು ಅಡ್ಡಾಡ್ತಿರ್ತೀನಿ. ನಂದವರದಿಂದ ನಿಮ್ಮ ಸ್ವಾದರತ್ತೀನೂ ಬರ್ತಾಳ. ನಿನಗೇನೂ ಕಮ್ಮಿ ಆಗೂದಿಲ್ಲ."

ಅವ್ವ ಹಾಕಿದ ಲೆಕ್ಕದಂತೆ ಯಾವುದೂ ಆಗಲಿಲ್ಲ. ಅವಳ ದಿನ ತಡವಾಯಿತು, ನನ್ನದು ಬೇಗ ಬಂತು. ನಂದವರದಲ್ಲಿ ಮನೆಮನೆಗೆ ಸಿಡುಬು. ಅಲ್ಲಿಂದ ಯಾರೂ ಬರುವಂತಿಲ್ಲ, ಇಲ್ಲಿಂದ ಯಾರೂ ಹೋಗುವಂತಿಲ್ಲ ಎಂದು ಅಪ್ಪ ಹೇಳಿದ. ಸೋದರತ್ತೆ ಬರುವ ಆಸೆ ಮುಗಿಯಿತು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ಹತ್ತಿ ಒಡೆದು ಹೊಲವೆಲ್ಲ ಬೆಳ್ಳಗಾಗಿತ್ತು. ಊರಿನ ಹೆಂಗಸರೆಲ್ಲ ನಸುಕಿನಲ್ಲೇ ಉಡಿ ಕಟ್ಟಿಕೊಂಡು ಹತ್ತಿ ಬಿಡಿಸಲು ಹೊರಟುಬಿಡುತ್ತಿದ್ದರು. ಮನೆಗೆಲಸಕ್ಕೆ ಕರೆದರೆ ಬರುವ ಒಂದು ಕೈಯೂ ಊರಲ್ಲಿ ಇರುತ್ತಿರಲಿಲ್ಲ. ಇದ್ದವಳು ಸೂಲಗಿತ್ತಿ ಒಬ್ಬಳೇ. ಅವಳೂ ಬೆಳಗಿನ ಹೊತ್ತು ಬಂದು ಹೋಗುವವಳು, ಮನೆಮಾತು ತೆಲುಗಿನ ವಯಸ್ಸಾದ ಹೆಂಗಸು.

ಅವ್ವ ಹಡೆದದ್ದು ಒಂದು ಮಧ್ಯಾಹ್ನ. ಹೆಚ್ಚು ಸದ್ದಾಗಲಿಲ್ಲ. ನಾನು ಅಡಿಗೆಮನೆಯ ಹೊಸಿಲ ಮೇಲೆ ಕುಳಿತು ಒಳಕೋಣೆಯ ಮುಚ್ಚಿದ ಬಾಗಿಲನ್ನು ನೋಡುತ್ತಿದ್ದೆ. ಹೆಣ್ಣು ಎಂದು ಸೂಲಗಿತ್ತಿ ಹೇಳಿದಳು. ಒಳಗೆ ಹೋದಾಗ ಅವ್ವ, "ನಿನ್ನಂಗ ಐತಿ ನೋಡು, ಹಣಿ" ಎಂದಳು. ನಾನು ಕೂಸಿನ ಹಣೆ ನೋಡಿದೆ.

ಮುಂದಿನ ವಾರವೇ ನನಗೆ ನೋವು ಬಂತು. ಅದರ ವಿವರ ಬರೆಯುವುದಿಲ್ಲ. ಚೊಚ್ಚಲು, ಕೂಸು ದೊಡ್ಡದು, ಬಹಳ ಹೊತ್ತು ಹಿಡಿಯಿತು, ಮೈ ಹರಿಯಿತು. ಒಂದು ಮಾತ್ರ ಹೇಳಬೇಕು. ನೋವು ಮಿತಿಮೀರಿದಾಗ ಹಿಂದಿನಿಂದ ಯಾರೋ ನನ್ನ ಕಂಕುಳಿಗೆ ಕೈ ಕೊಟ್ಟು, ತಮ್ಮ ಎದೆಗೆ ನನ್ನ ಬೆನ್ನನ್ನು ಆನಿಸಿಕೊಂಡು ಕುಳಿತಿದ್ದರು. ನಾನು ಹಿಂದಕ್ಕೆ ಬಿದ್ದೆ, ಒದ್ದೆ, ಅವರ ತೋಳು ಕಚ್ಚಿದೆ. ಕೊನೆಗೆ ಗಂಡುಮಗು ಹುಟ್ಟಿದ ಮೇಲೆ ನಾನು ನಿಟ್ಟುಸಿರು ಬಿಟ್ಟು ತಿರುಗಿ ನೋಡಿದರೆ ಅವ್ವ. ತನ್ನ ಹೊರಸಿನಿಂದ ಎದ್ದು ಬಂದಿದ್ದಳು. ಅವಳ ಸೀರೆಯ ಹಿಂಭಾಗ ಒದ್ದೆಯಾಗಿತ್ತು. ನನ್ನ ರಕ್ತ ಎಂದುಕೊಂಡೆ.

ಒಳಕೋಣೆಯಲ್ಲಿ ಎರಡು ಹೊರಸು ಹಾಕಿದರು. ಗೋಡೆಯ ಕಡೆ ನನ್ನದು, ಬಾಗಿಲ ಕಡೆ ಅವ್ವನದು. ನನ್ನ ಹೊರಸಿನ ಕೆಳಗೆ ಕುಳ್ಳಿನ ಕೆಂಡದ ಮಡಿಕೆ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಹೊಟ್ಟೆಗೆ ಬಿಗಿಯಾಗಿ ಹಳೆ ಸೀರೆಯ ಪಟ್ಟಿ. ಮಾಳಿಗೆಯ ಬೆಳಕಿಂಡಿಯನ್ನೂ ಗಾಳಿ ಬರದಂತೆ ಮುಚ್ಚಿದ್ದರು. ಅಜವಾನ ಹಾಕಿ ಕಾಯಿಸಿದ ನೀರು, ಅದೂ ಗುಟುಕು ಗುಟುಕಾಗಿ. ಬೆಳ್ಳುಳ್ಳಿ ಖಾರ, ಬಿಸಿ ರೊಟ್ಟಿ, ತುಪ್ಪ. ಅಳವಿ ಬೀಜದ ಪಾಯಸ. ಇಷ್ಟೂ ನನಗೆ ಹೊತ್ತು ಹೊತ್ತಿಗೆ ಬರುತ್ತಿತ್ತು. ತರುತ್ತಿದ್ದವಳು ಅವ್ವ. ಬಾಗಿಲ ಕಡೆಯ ಹೊರಸು ಹೆಚ್ಚಿನ ಹೊತ್ತು ಖಾಲಿ.

ನಾವು ಲಿಂಗವಂತರು, ಸೂತಕ ಎಣಿಸುವವರಲ್ಲ. ಕೂಸು ಹುಟ್ಟಿದ ಮೇಲೆ ಅಯ್ಯನವರು ಬಂದು ವಿಭೂತಿ ಹಚ್ಚಿ, ಲಿಂಗ ಕಟ್ಟಿ ಹೋದರೆ ಮನೆ ಎಂದಿನ ಮನೆ. ಹಿಂದಿನ ಓಣಿಯ ಬೇರೆ ಜಾತಿಯವರ ಮನೆಗಳಲ್ಲಿ ಹಡೆದವಳು ಎಷ್ಟೋ ದಿನ ಒಲೆಯ ಹತ್ತಿರ ಸುಳಿಯುವಂತಿರಲಿಲ್ಲ. ಮುಟ್ಟಬಾರದು ಎಂಬ ನೆಪದಲ್ಲಾದರೂ ಅವಳು ಮಲಗಿರುತ್ತಿದ್ದಳು. ನಮ್ಮ ಹಿರಿಯರು ಒಳ್ಳೆಯದಕ್ಕೇ ಅದನ್ನೆಲ್ಲ ತೆಗೆದುಹಾಕಿದ್ದರು. ಆದರೆ ಅವ್ವನನ್ನು ಒಲೆಯಿಂದ ದೂರ ಇಡಲು ಆ ಬೇಸಿಗೆಯಲ್ಲಿ ಯಾವ ಕಟ್ಟಳೆಯೂ ಇರಲಿಲ್ಲ. ಅಪ್ಪನಿಗೆ, ನನ್ನ ಇಬ್ಬರು ತಮ್ಮಂದಿರಿಗೆ ರೊಟ್ಟಿ ಬೇಕಿತ್ತು. ಹೊಲದಲ್ಲಿ ಆಳುಗಳಿಗೆ ಬುತ್ತಿ ಹೋಗಬೇಕಿತ್ತು. ಹತ್ತಿಕಟ್ಟಿಗೆಯ ಹೊಗೆಯಲ್ಲಿ ಕೆಮ್ಮುತ್ತಾ ಅವಳು ರೊಟ್ಟಿ ಬಡಿಯುವ ಸದ್ದು ನನ್ನ ಹೊರಸಿನವರೆಗೆ ಕೇಳುತ್ತಿತ್ತು.

ಸೂಲಗಿತ್ತಿ ಒಂದು ಬೆಳಿಗ್ಗೆ ಅವಳ ಕೈಯಿಂದ ಕೊಡ ಕಸಿದುಕೊಂಡು, "ಮೀರು ಕೂಡಾ ಬಾಲಿಂತೇ ಕದಮ್ಮಾ", ನೀವೂ ಬಾಣಂತಿಯೇ ಅಲ್ಲವೇ ಎಂದು ಗದರಿದಳು. ಅವ್ವ ನಕ್ಕು, "ನಾ ಹಳೇ ಬಾಣಂತಿ. ಆಕಿದು ಹಸಿ ಮೈ" ಎಂದು ನನ್ನ ಕಡೆ ತೋರಿಸಿದಳು.

ನನಗೆ ಜ್ವರ ಬಂದಿತ್ತು. ಎದೆ ಕಲ್ಲಿನಂತಾಗಿ ಬಾವು ಕಟ್ಟಿತು. ಉಪ್ಪಿನ ಗಂಟಿನಿಂದ ಕಾವು ಕೊಟ್ಟರು, ಅಗಸೆ ಹಿಟ್ಟು ಬಿಸಿ ಮಾಡಿ ಪಟ್ಟು ಹಾಕಿದರು. ಕೂಸನ್ನು ತಂದು ಎದೆಗೆ ಹಚ್ಚಿದರೆ ನಾನು ಚೀರುತ್ತಿದ್ದೆ. ನೋವು ನಿಜವಾದದ್ದೇ. ನೋವಿನ ಜೊತೆಗೆ ಇನ್ನೊಂದು ಇತ್ತು, ಅದನ್ನು ಯಾರಿಗೆ ಹೇಗೆ ಹೇಳಬೇಕೋ ತಿಳಿಯದ್ದು. ಕೂಸನ್ನು ಕಂಡರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಹಡೆದ ಕೂಡಲೇ ಮುಖ ನೋಡಿ ಕರುಳು ಕರಗುತ್ತದೆ ಎಂದು ಕೇಳಿದ್ದೆ. ನಾನು ಅದಕ್ಕಾಗಿ ಕಾದೆ. ಬರಲಿಲ್ಲ. ಅದು ಅತ್ತಾಗ ಬೇರೆಯವರ ಮನೆಯ ಕೂಸು ಅತ್ತಂತೆ ಕೇಳುತ್ತಿತ್ತು. ಯಾಕೆ ಯಾರೂ ಸುಮ್ಮನಾಗಿಸುತ್ತಿಲ್ಲ ಎನ್ನಿಸುತ್ತಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಸುಮ್ಮಸುಮ್ಮನೆ ಕಣ್ಣಲ್ಲಿ ನೀರು. ಸೂಲಗಿತ್ತಿ ಗಾಳಿ ಸೋಕಿದೆ ಎಂದು ಲೋಬಾನದ ಹೊಗೆ ಹಾಕಿದಳು, ಕಬ್ಬಿಣದ ತುಂಡೊಂದನ್ನು ತಲೆದಿಂಬಿನ ಕೆಳಗೆ ಇಟ್ಟಳು. ಅವ್ವ ಮಾತ್ರ, "ಅಳಲಿ ಬಿಡ್ರಿ. ಅತ್ತರ ಏನಾಕ್ಕತಿ" ಎಂದಳು.

ನನ್ನ ಮಗನಿಗೆ ಹಾಲು ಕುಡಿಸಿದ್ದು ಅವ್ವ. ಬಾಗಿಲ ಕಡೆಯ ಹೊರಸಿನ ಮೇಲೆ ಗೋಡೆಗೆ ಒರಗಿ, ಒಂದು ಮಗ್ಗುಲಿಗೆ ಅವನನ್ನು, ಇನ್ನೊಂದು ಮಗ್ಗುಲಿಗೆ ತನ್ನ ಮಗಳನ್ನು ಹಾಕಿಕೊಂಡು ಕೂರುತ್ತಿದ್ದಳು. ನನ್ನವನು ಗಟ್ಟಿ, ಹಸಿವಾದರೆ ಓಣಿಗೆಲ್ಲ ಕೇಳುವಂತೆ ಅಳುತ್ತಿದ್ದ. ಅವ್ವನ ಕೂಸು ಸುಮ್ಮನಿರುವಂಥದ್ದು. ಅಳುವವನಿಗೆ ಮೊದಲು ಹಾಲು. ಸುಮ್ಮನಿದ್ದವಳು ಕೈ ಚೀಪುತ್ತಾ ಕಾಯುತ್ತಿದ್ದಳು. ನಾನು ಅದನ್ನು ಎದುರಿನ ಹೊರಸಿನಿಂದ ನೋಡುತ್ತಿದ್ದೆ. ಸೆರಗಿನ ಸಂದಿಯಿಂದ ಕಾಣುತ್ತಿದ್ದ ಆ ಸಣ್ಣ ಕೈ ನೋಡಿ ಒಳಗೆ ಚುಚ್ಚಿದಂತಾಗುತ್ತಿತ್ತು. ವಿಚಿತ್ರವೆಂದರೆ, ನನ್ನ ಮಗನಿಗಾಗಿ ಹುಟ್ಟದ ಸಂಕಟ ನನ್ನ ತಂಗಿಗಾಗಿ ಹುಟ್ಟುತ್ತಿತ್ತು. ಆದರೂ "ಕೊಡು ಇತ್ತ, ನಾ ಕುಡಸ್ತೀನಿ" ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ. ಮತ್ತೆ ಗೋಡೆಯ ಕಡೆ ತಿರುಗುತ್ತಿದ್ದೆ.

ಸ್ನಾನದ ಹೊತ್ತು ಹೀಗಿತ್ತು. ಬಚ್ಚಲಲ್ಲಿ ದೊಡ್ಡ ತಾಮ್ರದ ಹಂಡೆ. ಅದನ್ನು ತುಂಬುವವಳು, ಉರಿ ಹಾಕುವವಳು ಅವ್ವ. ಸೂಲಗಿತ್ತಿ ಬಂದು ಮೊದಲು ಎರಡು ಕೂಸುಗಳಿಗೆ ಎರೆದು, ಆಮೇಲೆ ನನಗೆ ಎಣ್ಣೆ ತಿಕ್ಕಿ, ಸೊಂಟದ ಮೇಲೆ ಸುಡುವ ನೀರು ಸುರಿದು, ಹೊಗೆ ಹಾಕಿ, ಪಟ್ಟಿ ಬಿಗಿದು ಮಲಗಿಸುತ್ತಿದ್ದಳು. ಅಷ್ಟಾದ ಮೇಲೆ ಅವಳಿಗೆ ಬೇರೆ ಮನೆಗಳಿಗೆ ಹೋಗುವ ಅವಸರ. ಹಂಡೆಯ ತಳದಲ್ಲಿ ಉಳಿದ ಉಗುರುಬೆಚ್ಚಗಿನ ನೀರನ್ನು ಅವ್ವ ತಾನೇ ಹೊಯ್ದುಕೊಂಡು ಬರುತ್ತಿದ್ದಳು. ಎಣ್ಣೆ ಇಲ್ಲ, ತಿಕ್ಕುವವರಿಲ್ಲ. ಪಟ್ಟಿ ಕಟ್ಟಿಕೊಂಡದ್ದನ್ನೂ ನಾನು ಕಾಣಲಿಲ್ಲ. ನನ್ನ ಸೊಂಟಕ್ಕೆ ಸುತ್ತಿದ್ದ ಹಳೆ ಸೀರೆ ಅವಳದ್ದೇ.

ಒಂದು ದಿನ ಸೂಲಗಿತ್ತಿ ಹೋಗಿ ಬಹಳ ಹೊತ್ತಾದರೂ ಬಚ್ಚಲಿಂದ ಅವ್ವ ಹೊರಗೆ ಬರಲಿಲ್ಲ. ನೀರಿನ ಸದ್ದೂ ಇಲ್ಲ. ಕೂಸುಗಳೆರಡೂ ಎರೆದ ಸುಖಕ್ಕೆ ಮಲಗಿದ್ದವು. ನಾನು ಕರೆದೆ. ಉತ್ತರ ಬರಲಿಲ್ಲ. ಮೈ ಕಾವು ಆರುವ ಮೊದಲು ಕೆಳಗೆ ಕಾಲಿಡಬಾರದು ಎಂದಿದ್ದರು. ಗೋಡೆ ಹಿಡಿದುಕೊಂಡು ಹೋದೆ.

ಅವ್ವ ಬಚ್ಚಲ ಕಲ್ಲಿನ ಮೇಲೆ ಕುಳಿತಿದ್ದಳು. ಎರಡೂ ಕೈಯಿಂದ ಕೆಳಹೊಟ್ಟೆಯನ್ನು ಮೇಲಕ್ಕೆ ಎತ್ತಿ ಹಿಡಿದುಕೊಂಡಿದ್ದಳು. ಹಂಡೆಯನ್ನು ಒಲೆಯಿಂದ ಪಕ್ಕಕ್ಕೆ ಸರಿಸಲು ಎತ್ತಿದ್ದಳೆಂದು ಕಾಣುತ್ತದೆ. ಅದು ಓರೆಯಾಗಿ ನಿಂತಿತ್ತು. ಕಲ್ಲಿನಿಂದ ಮೋರಿಗೆ ಹರಿಯುತ್ತಿದ್ದ ನೀರು ಕೆಂಪಗಿತ್ತು.

"ಏನಾತವ್ವಾ?"

"ಏನಿಲ್ಲ. ಒಳಗ ಏನೋ ಜಾರಿದಂಗಾತು. ಕುಂತರ ಸರಿ ಆಕ್ಕತಿ. ನೀ ಯಾಕ ಎದ್ದಿ? ಹೋಗು, ಗಾಳಿ ಹತ್ತತೈತಿ."

ನಾನು ಹೋಗಲಿಲ್ಲ. ಹಂಡೆಯಲ್ಲಿ ಇನ್ನೂ ಸ್ವಲ್ಪ ನೀರಿತ್ತು. ಒಲೆಗೆ ನಾಲ್ಕು ಹತ್ತಿಕಟ್ಟಿಗೆ ಮುರಿದು ಹಾಕಿ ಅದನ್ನು ಬಿಸಿ ಮಾಡಿದೆ. ನನಗೆ ತಿಕ್ಕಿ ಉಳಿದ ಎಣ್ಣೆ ಬಟ್ಟಲಲ್ಲಿತ್ತು. ಬೆನ್ನಿಗೆ ಕೈ ಹಾಕಿದಾಗ ಅವ್ವ ಬಿಡಿಸಿಕೊಂಡಳು. "ಬ್ಯಾಡ, ಬಾಣಂತಿ ಕೈಲೆ ಮಾಡಿಸಿಕೊಂಡರ ನನಗ ಪಾಪ ಬರ್ತೈತಿ" ಎಂದಳು. ನಾನು, "ನೀ ಬಾಣಂತಿ ಅಲ್ಲೇನು?" ಎಂದೆ. ಮಾತು ಜೋರಾಗಿಯೇ ಬಂತು. ಅವಳು ತಲೆ ಬಗ್ಗಿಸಿ ಕುಳಿತಳು.

ಬುದ್ಧಿ ತಿಳಿದ ಮೇಲೆ ಅವ್ವನ ಮೈಯನ್ನು ನಾನು ಹಾಗೆ ನೋಡಿದ್ದು ಅದೇ ಮೊದಲು. ಸಡಿಲಾಗಿ ಮಡಿಕೆ ಬಿದ್ದ ಹೊಟ್ಟೆ, ಬಿರುಕು ಬಿಟ್ಟ ಗೆರೆಗಳು, ಭಾರವಾಗಿ ಇಳಿದ ಎದೆ. ಯಾವ ಹೊಟ್ಟೆಗೆ ನಾನು ನಾಚಿಕೊಂಡಿದ್ದೆನೋ ಅದು ನನ್ನದರಂತೆಯೇ ಇತ್ತು. ತೋಳಿನ ಮೇಲೆ ನಾನು ಕಚ್ಚಿದ ಗುರುತು ಇನ್ನೂ ಹಸಿರುಗಟ್ಟಿತ್ತು. ಸೊಂಟದ ಮೇಲೆ ಬಿಸಿನೀರು ಹೊಯ್ದಾಗ ಅವಳು ಕಣ್ಣು ಮುಚ್ಚಿ, ಬಾಯಿ ತೆರೆದು ಉಸಿರು ಬಿಟ್ಟಳು. ಎಷ್ಟು ದಿನದಿಂದ ಆ ಬಿಸಿಗೆ ಅವಳ ಮೈ ಕಾದಿತ್ತೋ. ನನಗೂ ರಕ್ತ ಹೋಗುತ್ತಿತ್ತು. ಇಬ್ಬರದೂ ಒಂದೇ ಮೋರಿಗೆ ಹರಿಯಿತು. ಅವ್ವ ಕೊನೆಗೆ, "ಸಾಕು. ಅಪ್ಪಗ ಹೇಳಬ್ಯಾಡ" ಎಂದಳು. ನಾನು ಹೇಳಲಿಲ್ಲ.

ಅಂದು ಸಂಜೆ ನನ್ನ ಮಗ ಅತ್ತಾಗ, ಇತ್ತ ಕೊಡು ಎಂದೆ. ಬಾವು ಇಳಿದಿದ್ದ ಮಗ್ಗುಲಿಗೆ ಹಚ್ಚಿದೆ. ನೋವಿಗೆ ಹಲ್ಲು ಕಚ್ಚಿದೆ. ಅವನು ಕುಡಿದ. ಮನಸ್ಸಿನಲ್ಲಿ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತೆಂದು ಬರೆದರೆ ಸುಳ್ಳಾಗುತ್ತದೆ. ಅವ್ವನಿಗೆ ಒಂದು ಹೊತ್ತಿನ ಭಾರ ಕಡಿಮೆಯಾಯಿತಲ್ಲ ಎಂಬುದಷ್ಟೇ ಇತ್ತು. ಹಾಗೆ ದಿನವೂ ಕುಡಿಸುತ್ತಾ ಕುಡಿಸುತ್ತಾ, ಯಾವಾಗಲೋ ಅವನ ಮುಖ ನನಗೆ ಪರಿಚಯವಾಯಿತು. ನಾನು ಸೀನಿದರೆ ಬೆಚ್ಚಿ ಎರಡೂ ಕೈ ಎತ್ತುತ್ತಿದ್ದ. ಅದನ್ನು ನೋಡಲು ಬೇಕೆಂದೇ ಸೀನುತ್ತಿದ್ದೆ. ಆಮೇಲೆ ಅವನು ಮಲಗಿದ್ದಾಗಲೂ ಎಬ್ಬಿಸಿ ನೋಡುವಷ್ಟಾಯಿತು. ಆದರೆ ಹಾಲು ಒಂದೇ ಕಡೆ ಇತ್ತು, ಸಾಲುತ್ತಿರಲಿಲ್ಲ. ಅರ್ಧ ಹಸಿವನ್ನು ಅವ್ವನೇ ತೀರಿಸಬೇಕಿತ್ತು.

ನಾನು ಕೈಲಾದ ಕೆಲಸಕ್ಕೆ ಎದ್ದುಬಿಟ್ಟೆ. ಅವ್ವ ಬೈಯುತ್ತಿದ್ದಳು, ನಾನು ಕೇಳುತ್ತಿರಲಿಲ್ಲ. ಕೂಸಿನ ಬಟ್ಟೆ ಹಿಂಡುತ್ತಿದ್ದೆ, ಒಲೆಯ ಮುಂದೆ ಕೂರುತ್ತಿದ್ದೆ. ಹಾಗೆ ಒಂದು ದಿನ ಅಂಗಳದಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದಾಗ ಆದವಾನಿಯಿಂದ ಅತ್ತೆ ಬಂದರು. ತೊಟ್ಟಿಲಿಗೆ ಹಾಕುವ ದಿನ ಗೊತ್ತುಮಾಡಲು, ಮುಂಚೆ ತಿಳಿಸದೆ ಬಂದಿದ್ದರು. ಸವಾರಿ ಬಂಡಿಯಿಂದ ಇಳಿದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ತಲೆಗೆ ಬಟ್ಟೆ ಇರಲಿಲ್ಲ, ಕಾಲು ನೀರಿನಲ್ಲಿತ್ತು. ಒಳಗೆ ಹೋದರೆ ಅವ್ವ ತನ್ನ ಹೊರಸಿನ ಮೇಲೆ ಕುಳಿತು ನನ್ನ ಮಗನಿಗೆ ಹಾಲು ಕುಡಿಸುತ್ತಿದ್ದಳು. ಅವಳ ಕೂಸು ಪಕ್ಕದಲ್ಲಿ ಚಾಪೆಯ ಮೇಲಿತ್ತು.

ಅತ್ತೆ ಸಿಟ್ಟು ಮಾಡುವವರಲ್ಲ. ದನಿ ಏರಿಸದೆ ಮಾತಾಡುವವರು. ಅದೇ ಕಷ್ಟ.

"ಬೀಗತೇರ, ಇದೇನ್ರಿ ಬಾಣಂತನ? ಹಸಿಬಾಣಂತಿ ಅರಿವಿ ಒಗ್ಯಾಕ ನಿಂತಾಳ. ನಮ್ಮ ಮನ್ಯಾಗ ಆಳುಕಾಳು ಅದಾರ. ನಿಮ್ಮ ಕೈಲೆ ಆಗೂದಿಲ್ಲ ಅಂದಿದ್ದರ ನಾವು ಕಳಸ್ತಿರಲಿಲ್ಲ."

ಅವ್ವ ಕೂಸನ್ನು ಸೆರಗಿನಿಂದ ಮುಚ್ಚಿ, "ತಪ್ಪಾತ್ರಿ" ಎಂದಳು. ಅಷ್ಟೇ.

ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳುವುದು ಬಹಳ ಇತ್ತು. ಇವಳು ನನ್ನ ಬೆನ್ನಿಗೆ ಎದೆ ಕೊಟ್ಟದ್ದು, ಹಂಡೆ ಎತ್ತಿದ್ದು, ಇವಳ ಮೈಯಲ್ಲೂ ಇನ್ನೂ ರಕ್ತ ನಿಲ್ಲದಿರುವುದು. ಹೊಸ ಸೊಸೆ, ಅತ್ತೆಯ ಎದುರು ಬಾಯಿ ತೆರೆದು ರೂಢಿಯಿರಲಿಲ್ಲ. ಅದು ಒಂದು ಕಾರಣ. ಇನ್ನೊಂದು ಇದೆ. ಅವ್ವನ ಬಾಣಂತನದ ಮಾತು ಎತ್ತಿದರೆ ನಾದಿನಿಯರು ನಕ್ಕದ್ದು ಮತ್ತೆ ಕಣ್ಣೆದುರು ಬರುತ್ತಿತ್ತು. ಅತ್ತೆಯ ಮುಂದೆ ಆ ಮಾತು ಬೇಡವೆನ್ನಿಸಿತು. ಅವ್ವ ನನ್ನ ಕಡೆ ನೋಡಲೂ ಇಲ್ಲ. ನಾನು ಮಾತಾಡುತ್ತೇನೆಂದು ಅವಳು ಎಣಿಸಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಐದನೆಯ ತಿಂಗಳವರೆಗೆ ಇರಬೇಕಾದವಳನ್ನು ಮೂರು ತುಂಬುವ ಮೊದಲೇ ಕರೆದೊಯ್ಯುವುದೆಂದು ತೀರ್ಮಾನವಾಯಿತು. ತೊಟ್ಟಿಲ ಕಾರ್ಯ ಆದವಾನಿಯಲ್ಲೇ. ಹೊರಡುವ ದಿನ ಅವ್ವ ಅಂಟಿನುಂಡೆ, ಖಾರದ ಪುಡಿ, ಕೊಬ್ಬರಿ ಎಲ್ಲ ಡಬ್ಬಿಗೆ ತುಂಬಿಕೊಟ್ಟಳು. ಇದನ್ನೆಲ್ಲ ಯಾವಾಗ ಮಾಡಿದಳೋ. ಬಂಡಿ ಹತ್ತುವಾಗ ನನ್ನ ಮಗನ ಬಾಯಿಗೆ ಕೊನೆಯ ಸಲ ಎದೆ ಕೊಟ್ಟಳು. "ಇನ್ನ ಇವಗ ಹಸುವಿನ ಹಾಲಾ ಹಾಕ್ರಿ, ನೀರು ಬೆರಸಿ" ಎಂದು ಅತ್ತೆಗೆ ಹೇಳಿದಳು. ಅತ್ತೆ ತಲೆಯಾಡಿಸಿದರು. ಬಂಡಿ ಊರು ದಾಟಿದ ಮೇಲೆ ನನಗೆ ಒಳಗೆ ಹಗುರವಾಯಿತು. ಅವ್ವನಿಗೆ ಇನ್ನಾದರೂ ಬಿಡುವು ಸಿಗುತ್ತದೆ, ಆ ಸಣ್ಣದಕ್ಕೆ ಹೊಟ್ಟೆ ತುಂಬ ಹಾಲು ಸಿಗುತ್ತದೆ ಎಂದುಕೊಂಡೆ. ಹಗುರವಾದದ್ದಕ್ಕೆ ಅದಷ್ಟೇ ಕಾರಣವಲ್ಲ. ಆ ಕೋಣೆಯನ್ನು ಬಿಟ್ಟು ಬಂದೆನಲ್ಲ ಎಂಬ ಸುಖವೂ ಇತ್ತು. ಎಮ್ಮಿಗನೂರು ಬರುವವರೆಗೆ ಅತ್ತೆಗೆ ಕಾಣದಂತೆ ಅಳುತ್ತಿದ್ದೆ.

ಆಮೇಲಿನ ವರ್ಷಗಳಲ್ಲಿ ತವರಿಗೆ ಹೋದಾಗೆಲ್ಲ ಅವ್ವನ ನಡಿಗೆ ನೋಡುತ್ತಿದ್ದೆ. ಕಾಲು ಅಗಲಿಸಿ, ಮೆಲ್ಲಗೆ ನಡೆಯುತ್ತಿದ್ದಳು. ಬಾವಿಯಿಂದ ಬರುವಾಗ ಕೊಡ ಇಳಿಸಿ ನಡುದಾರಿಯಲ್ಲಿ ಕೂರುತ್ತಿದ್ದಳು. ಕೆಮ್ಮು ಬಂದರೆ ಸೆರಗಿನ ಒಳಗೆ ಕೈ ಹೋಗುತ್ತಿತ್ತು. ಕೇಳಿದರೆ, "ವಯಸ್ಸಾತು" ಎನ್ನುತ್ತಿದ್ದಳು. ನಲವತ್ತು ತುಂಬಿರಲಿಲ್ಲ. ಅವಳ ಮಗಳು ಮಾತ್ರ, ದೇವರ ದಯೆ, ಚೆನ್ನಾಗಿ ಬೆಳೆಯುತ್ತಿದ್ದಳು. ನನ್ನ ಮಗನನ್ನು ಹೊಡೆದು ಅಳಿಸುವಷ್ಟು ಗಟ್ಟಿಯಾಗಿದ್ದಳು. ಆ ಒಂದು ವಿಷಯದಲ್ಲಿ ನನಗೆ ಉಸಿರು ಬಂತು.

ಯುದ್ಧದ ಕಾಲದಲ್ಲಿ ನಾನು ಎರಡನೆಯ ಸಲ ಬಸುರಿಯಾದೆ. ಕರೆಯಲು ಬಂದ ಅಪ್ಪನಿಗೆ ನಾನು ಬರುವುದಿಲ್ಲ ಎಂದೆ. ಸೀಮೆಎಣ್ಣೆ ಸಿಗುವುದಿಲ್ಲ, ಬಸ್ಸು ಸರಿಯಿಲ್ಲ, ದೊಡ್ಡವನನ್ನು ಬಿಟ್ಟಿರಲಾರೆ ಎಂದು ಏನೇನೋ ಹೇಳಿದೆ. ಅವ್ವನ ಕೈಯಿಂದ ಇನ್ನೊಮ್ಮೆ ಹಂಡೆ ಎತ್ತಿಸಬಾರದು ಎಂಬುದನ್ನು ಅಪ್ಪನಿಗೆ ಹೇಗೆ ಹೇಳುವುದು. ಅವನು ಒಬ್ಬನೇ ಹಿಂತಿರುಗಿದ. ಹೆರಿಗೆ ಅತ್ತೆಯ ಮನೆಯಲ್ಲೇ ಆಯಿತು, ಸುಲಭವಾಗಿಯೇ ಆಯಿತು. ಹೆಣ್ಣುಮಗು. ಈ ಸಲ ಕೂಸನ್ನು ನೋಡಿದ ಕೂಡಲೇ ಬೇಕೆನಿಸಿತು. ಹಾಗೆ ಅನ್ನಿಸಿದ್ದಕ್ಕೆ ದೊಡ್ಡವನನ್ನು ಹತ್ತಿರ ಕರೆದು ತಲೆ ಸವರಿದೆ. ಅವನಿಗೇನು ತಿಳಿಯಬೇಕು.

ಕೆಲವು ದಿನಗಳಲ್ಲಿ ಅವ್ವ ಬಂದಳು. ಆಗ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು. ದಿಬ್ಬ ಬಂದರೆ ಇಳಿದು ನಡೆಯಬೇಕು. ಮುಖವೆಲ್ಲ ಮಸಿಯಾಗಿ, ಗಂಟು ಹೊತ್ತು ಬಂದಿದ್ದಳು. ಕೈಕಾಲು ತೊಳೆದವಳೇ ಅಡಿಗೆಮನೆಗೆ ಹೋದಳು. ಅತ್ತೆ, "ನೀವು ಕೂಡ್ರಿ ಬೀಗತೇರ, ಎಲ್ಲಾದಕ್ಕೂ ಮಂದಿ ಅದಾರ" ಎಂದು ಕಳಿಸಿದರು. ಬಚ್ಚಲಿಗೆ ಹೋದಳು, ಅಲ್ಲಿ ಎರೆಯುವವಳು ಇದ್ದಳು. ಕೊನೆಗೆ ನನ್ನ ಹೊರಸಿನ ಪಕ್ಕ ನೆಲದ ಮೇಲೆ ಕುಳಿತು ಗಂಟು ಬಿಚ್ಚಿದಳು, ಮತ್ತೆ ಕಟ್ಟಿದಳು.

"ಊರಾಗ ಎಲ್ಲಾರೂ ಕೇಳಿದ್ರು, ಮಗಳು ಯಾಕ ಬರಲಿಲ್ಲ ಅಂತ" ಎಂದಳು ಕೂಸಿನ ಕಡೆ ನೋಡುತ್ತಾ. "ಹ್ವಾದ ಸಲ ನಾ ಸರಿ ನೋಡಿಕೊಳ್ಳಲಿಲ್ಲ. ಅದಕ್ಕ ಬರಲಿಲ್ಲ ನೀನು. ನನಗ ತಿಳೀತೈತಿ."

"ಹಂಗಲ್ಲವ್ವಾ."

"ಮತ್ತ ಹೆಂಗ?"

ನಿನ್ನ ಮೈ ಕೆಟ್ಟದ್ದು ನನ್ನಿಂದ ಎಂದರೆ ಅವಳು ಒಪ್ಪುವುದಿಲ್ಲ. ಒಪ್ಪಿದರೆ ನನಗೆ ತಡೆದುಕೊಳ್ಳಲಾಗುವುದಿಲ್ಲ. ಅವಳನ್ನು ಉಳಿಸಲೆಂದು ಮಾಡಿದ್ದೇ ಅವಳಿಗೆ ಅವಮಾನವಾಗಿ ತಲುಪಿತ್ತು.

ಅವ್ವನ ನಡಿಗೆಯನ್ನು ಗಮನಿಸಿದವರು ಅತ್ತೆ. ಮಾರನೆಯ ದಿನ ನನ್ನ ಹತ್ತಿರ ಬಂದು ದನಿ ತಗ್ಗಿಸಿ, "ನಿಮ್ಮವ್ವಗ ಮೈ ಜಾರೈತಿ. ನಿನಗ ಗೊತ್ತಿಲ್ಲೇನು?" ಎಂದರು. ನಾನು ತಲೆ ತಗ್ಗಿಸಿದೆ. ಆಗ ಹೇಳಿದೆ, ವರ್ಷಗಳ ಕೆಳಗೆ ಬಾಗಿಲಲ್ಲಿ ನಿಂತು ಹೇಳದಿದ್ದುದನ್ನೆಲ್ಲ. ಅತ್ತೆ ಕೇಳುತ್ತಾ ಕುಳಿತರು. ಎದ್ದು ಹೋಗುವಾಗ, "ಅವತ್ತ ಹೇಳಬೇಕಾಗಿತ್ತು" ಎಂದರು. ಬೈದಂತೆಯೂ ಇರಲಿಲ್ಲ.

ಅಂದೇ ಅವರು ಜಟಕಾ ತರಿಸಿ ಅವ್ವನನ್ನು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವ್ವ ಒಲ್ಲೆ ಎಂದಳು, ಪರವೂರಿನ ಡಾಕ್ಟರ ಮುಂದೆ ಸೀರೆ ಬಿಚ್ಚುವುದಿಲ್ಲ ಎಂದಳು. "ನಾ ಬಾಜೂಕ ನಿಂದಿರ್ತೀನಿ, ಬರ್ರಿ" ಎಂದು ಅತ್ತೆ ಕೈ ಹಿಡಿದು ಹತ್ತಿಸಿದರು. ನಾನು ಬಾಣಂತಿ, ಹೋಗುವಂತಿರಲಿಲ್ಲ. ಕಿಟಕಿಯಿಂದ ಇಬ್ಬರ ಬೆನ್ನು ಕಂಡಿತು.

ಗರ್ಭಕೋಶ ಕೆಳಗೆ ಜಾರದಂತೆ ಡಾಕ್ಟರಮ್ಮ ಒಳಗೆ ರಬ್ಬರಿನ ಬಳೆಯೊಂದನ್ನು ಇಟ್ಟು ಕಳಿಸಿದ್ದರು. ಆಗಾಗ ಬಂದು ತೆಗೆಸಿ, ತೊಳೆಸಿ, ಮತ್ತೆ ಇಡಿಸಿಕೊಳ್ಳಬೇಕು, ಭಾರ ಎತ್ತಬಾರದು. ಬಂದ ಅವ್ವ ಮೊದಲ ಸಲ ಕಾಲು ಜೋಡಿಸಿ ಕುಳಿತಳು. ನಾನು ಕೇಳಿದೆ, ಯಾವಾಗಿಂದ ಹೀಗಿದೆ ಎಂದು ಡಾಕ್ಟರು ಕೇಳಿರಬೇಕಲ್ಲ, ನೀನು ಏನು ಹೇಳಿದೆ ಎಂದು.

"ನಿನ್ನ ಸಣ್ಣ ತಮ್ಮ ಹುಟ್ಟಿದಾಗಿಂದ ಅಂದೆ."

"ಖರೇ ಹೇಳವ್ವಾ."

"ಖರೇನ ಹೇಳೀನಿ. ಆವಾಗನ ಶುರುವಾಗಿತ್ತು. ನಿನಗೇನು ಗೊತ್ತು, ನೀ ಸಣ್ಣಾಕಿ ಇದ್ದಿ."

ಅವಳು ಹೊರಗೆ ಹೋದ ಮೇಲೆ ಅತ್ತೆಯನ್ನು ಕೇಳಿದೆ. ಡಾಕ್ಟರು ಕೇಳಿದ್ದು ಹೌದು, ಅವ್ವ ಏನೂ ಹೇಳಲಿಲ್ಲ, ಸುಮ್ಮನೆ ಅತ್ತೆಯ ಮುಖ ನೋಡಿದಳು ಎಂದರು. ಇಬ್ಬರಲ್ಲಿ ಯಾರ ಮಾತು ನಿಜವೋ ನನಗೆ ಇಂದಿಗೂ ಗೊತ್ತಿಲ್ಲ. ಸಣ್ಣ ತಮ್ಮ ಹುಟ್ಟಿದ ವರ್ಷ ಅವ್ವ ಹೇಗೆ ನಡೆಯುತ್ತಿದ್ದಳು ಎಂದು ಎಷ್ಟೋ ಸಲ ನೆನಪಿಸಿಕೊಳ್ಳಲು ಹೋಗಿದ್ದೇನೆ. ಹೊಲದ ಬದುವಿನ ಮೇಲೆ ಬುತ್ತಿ ಹೊತ್ತು ನೆಟ್ಟಗೆ, ಬಿರಬಿರನೆ ಬರುವ ಅವ್ವನೇ ಕಣ್ಣಿಗೆ ಬರುತ್ತಾಳೆ.

ಊರಿಗೆ ಹೊರಡುವ ಮುಂಚೆ, "ಇನ್ನೊಂದು ಆದರ ಬಾ" ಎಂದಳು. ಬರುತ್ತೇನೆ ಎಂದೆ.

ಮೂರನೆಯದಕ್ಕೆ ಹೋದೆ. ಅತ್ತೆ ಮನೆಯ ಕೆಲಸದವಳೊಬ್ಬಳನ್ನು ಜೊತೆಗೆ ಕಳಿಸಿದ್ದರು. ಅವ್ವನಿಗೆ ಅದು ಅಷ್ಟು ಹಿಡಿಸಲಿಲ್ಲ. ಆದರೂ ಹೊರಸಿನ ಮೇಲೆ ಕುಳಿತು, ಎಣ್ಣೆ ಇಷ್ಟು ಹಾಕು, ಪಟ್ಟಿ ಇನ್ನೂ ಬಿಗಿ ಎಂದು ಅವಳಿಗೆ ಹೇಳಿ ಹೇಳಿ ಮಾಡಿಸಿದಳು. ಎಲ್ಲ ಮುಗಿದು ಕೆಲಸದವಳು ಹೊರಗೆ ಹೋದ ಮೇಲೆ ನನ್ನ ಹತ್ತಿರ ಸರಿದು, "ಮೈ ಹೆಂಗೈತಿ?" ಎಂದು ಕೇಳುತ್ತಿದ್ದಳು. ಆರಾಮ ಎನ್ನುತ್ತಿದ್ದೆ. ನಿನ್ನದು ಹೇಗಿದೆ ಎಂದು ನಾನು ತಿರುಗಿ ಕೇಳಿದರೆ, ಕೇಳಿಸದವಳಂತೆ ಕೂಸಿನ ತಲೆಯ ಕುಂಚಿಗೆಯನ್ನು ಸರಿಮಾಡಲು ಬಗ್ಗುತ್ತಿದ್ದಳು.